ಗವೇನನ ಹಸಿರು ಸೊಂಟಪಟ್ಟಿ

ದೇವರಲ್ಲಿ ಗಟ್ಟಿ ನಂಬಿಕೆಯಿದ್ದವನು ತಪ್ಪೇ ಮಾಡುವುದಿಲ್ಲವೇ? 14ನೇ ಶತಮಾನದ ಕೊನೆಯಲ್ಲಿ, ಹೆಸರು ತಿಳಿಯದ ಇಂಗ್ಲಿಷ್ ಕವಿಯೊಬ್ಬ ಬರೆದ ‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ. ಆರ್ಥರ್ ರಾಜನ ಆಸ್ಥಾನದ ವೀರ ಗವೇನ್. ಅವನ ಗುರಾಣಿಯ ಹೊರಗೆ ಸದ್ಗುಣಗಳನ್ನು ಸಾರುವ ಐದು ಮೂಲೆಯ ನಕ್ಷತ್ರ, ಒಳಗೆ ಮಾತೆ ಮರಿಯಳ ಚಿತ್ರ. ಆಸ್ಥಾನಕ್ಕೆ ಬಂದು ಸವಾಲೊಡ್ಡಿದ ಹಸಿರು ವೀರನ ಕೊಡಲಿಗೆ ಕೊರಳೊಡ್ಡುವೆನೆಂದು ಕೊಟ್ಟ ಮಾತಿಗಾಗಿ ಆತ ಚಳಿಗಾಲದಲ್ಲಿ ಒಂಟಿಯಾಗಿ ಹೊರಡುತ್ತಾನೆ. ದಾರಿಯಲ್ಲಿ ತಂಗಿದ ಕೋಟೆಯ ಒಡತಿ ಒಡ್ಡಿದ ಮೋಹಕ್ಕೆ ಸೋಲುವುದಿಲ್ಲ. ಆದರೆ ಪ್ರಾಣ ಕಾಯುತ್ತದೆಂದು ಆಕೆ ಕೊಟ್ಟ ಹಸಿರು ಸೊಂಟಪಟ್ಟಿಯನ್ನು, ದಿನದ ಗಳಿಕೆಯನ್ನೆಲ್ಲ ಕೋಟೆಯ ಒಡೆಯನಿಗೆ ಒಪ್ಪಿಸುವೆನೆಂಬ ಕರಾರು ಮುರಿದು, ಬಚ್ಚಿಡುತ್ತಾನೆ. ಪಾದ್ರಿಯ ಬಳಿ ಪಾಪನಿವೇದನೆ ಮಾಡಿದ ಮೇಲೂ ಪಟ್ಟಿ ಅವನಲ್ಲೇ ಉಳಿಯುತ್ತದೆ.

ಹಾಗಾದರೆ ಇಲ್ಲಿ ಧರ್ಮ ಬರೀ ಅಲಂಕಾರವೇ? ಅಲ್ಲ. ವಿಧಿ ಪೂರೈಸಿದರೆ ಸಾಲದು, ಸತ್ಯ ಹೇಳಲೇಬೇಕು ಎಂಬುದು ಈ ಕಾವ್ಯದ ತಿರುಳು. ಕೊನೆಗೆ ಹಸಿರು ವೀರನ ಕೊಡಲಿ ಗವೇನನ ಕೊರಳನ್ನು ತುಸುವೇ ಗೀರುತ್ತದೆ. ಕೋಟೆಯ ಒಡೆಯನೇ ಹಸಿರು ವೀರನೆಂದು ತಿಳಿದಾಗ ಗವೇನ್ ನಾಚಿ ತನ್ನ ಹೇಡಿತನವನ್ನೂ ದುರಾಸೆಯನ್ನೂ ಒಪ್ಪಿಕೊಳ್ಳುತ್ತಾನೆ. ನಿಜವಾದ ಪಾಪನಿವೇದನೆ ನಡೆಯುವುದು ಅಲ್ಲಿ. ಎಲ್ಲವೂ ಮಾಟಗಾತಿ ಮಾರ್ಗನ್ ಲ ಫೇ ಹೂಡಿದ ಮಾಯೆ, ಇದರಲ್ಲಿ ನೀತಿಗೇನು ಕೆಲಸ ಎಂದು ಕೇಳಬಹುದು. ಮಾಯೆ ಪರೀಕ್ಷೆ ಒಡ್ಡಿತು, ನಿಜ. ಬಚ್ಚಿಡುವ ತೀರ್ಮಾನ ಮಾತ್ರ ಅವನದೇ. ಆ ಪಟ್ಟಿಯನ್ನು ಆತ ತಪ್ಪಿನ ಗುರುತಾಗಿ ಧರಿಸಿದರೆ, ಆಸ್ಥಾನದವರು ಅಂಥದ್ದನ್ನೇ ಗೌರವದ ಗುರುತಾಗಿ ತೊಡುತ್ತಾರೆ. ನಂಬಿಕೆ ಮನುಷ್ಯನನ್ನು ತಪ್ಪಿನಿಂದ ಪಾರು ಮಾಡದಿದ್ದರೂ, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಕೊಡಬೇಕು. ಆರು ಶತಮಾನ ಕಳೆದರೂ ಈ ಕಾವ್ಯದ ನೀತಿಗೆ ಬೆಲೆ ಇರುವುದು ಇದಕ್ಕಾಗಿಯೇ.