ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಬರುವುದಿಲ್ಲ

ಎಫ್‌ಟಿಪಿ ಸರ್ವರ್ ಎರಡು ಸಂಪರ್ಕಗಳನ್ನು ಬಳಸುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್, ಆದೇಶಗಳು ಹೋಗುವುದು ಪೋರ್ಟ್ 21ರಲ್ಲಿ. ಫೈಲ್‌ಗಳೂ ಅವುಗಳ ಪಟ್ಟಿಯೂ ಬರುವುದು ಬೇರೊಂದು ಪೋರ್ಟ್‌ನಲ್ಲಿ. ಮನೆಯ ಎರಡು ಕಂಪ್ಯೂಟರ್‌ಗಳ ನಡುವಿನ ಎಷ್ಟೋ ತೊಂದರೆಗಳ ಮೂಲ ಇದೇ.

ಪರೀಕ್ಷೆಯನ್ನು ಸರ್ವರ್ ಇರುವ ಕಂಪ್ಯೂಟರ್‌ನಿಂದಲೇ ಶುರು ಮಾಡಬೇಕು. ಅಲ್ಲೇ 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರ್‌ಗೆ, ಲಾಗಿನ್ ಆಗದಿದ್ದರೆ ವೈಫೈಯನ್ನು ದೂರಿ ಫಲವಿಲ್ಲ: ಸರ್ವರ್ ಪ್ರೋಗ್ರಾಂ ಓಡುತ್ತಿಲ್ಲ, ಇಲ್ಲವೇ ಅದರ ಸೆಟ್ಟಿಂಗ್ ತಪ್ಪಿದೆ. 530 ಎಂದು ಉತ್ತರ ಬಂದರೆ ಪಾಸ್‌ವರ್ಡ್ ನೋಡಬೇಕು.

ಅಲ್ಲಿ ಸರಿಯಿದ್ದು ಇನ್ನೊಂದು ಕಂಪ್ಯೂಟರ್‌ನಿಂದ ಆಗದಿದ್ದರೆ ಸರ್ವರ್‌ನ ಐಪಿ ವಿಳಾಸ ಬದಲಾಗಿರಬಹುದು. ರೌಟರ್‌ನಲ್ಲಿ ಆ ವಿಳಾಸವನ್ನು ಕಾಯಂ ಮಾಡಿಡುವುದು ಒಳ್ಳೆಯದು. ಒಂದು ಕಂಪ್ಯೂಟರ್ ಗೆಸ್ಟ್ ವೈಫೈಯಲ್ಲಿದ್ದರೂ ಸಾಮಾನ್ಯವಾಗಿ ಸಂಪರ್ಕ ಸಿಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮುಂದಿನದು. ಲಾಗಿನ್ ಆಗುತ್ತದೆ, ‘227 ಎಂಟರಿಂಗ್ ಪ್ಯಾಸಿವ್ ಮೋಡ್’ ಎಂಬ ಸಾಲು ಬರುತ್ತದೆ, ಆಮೇಲೆ ಎಲ್ಲ ಸ್ತಬ್ಧ. ಆ ಸಾಲಿನ ಕೊನೆಯ ಎರಡು ಸಂಖ್ಯೆಗಳಲ್ಲೇ ಸುಳಿವಿದೆ. 195, 80 ಎಂದಿದ್ದರೆ 195ನ್ನು 256ರಿಂದ ಗುಣಿಸಿ 80 ಕೂಡಿಸಬೇಕು, ಸಿಗುವುದು 50000. ಫೈಲ್ ಪಟ್ಟಿ ಬರಬೇಕಾದ ಪೋರ್ಟ್ ಅದು. ಫೈರ್‌ವಾಲ್ 21ನ್ನು ಬಿಟ್ಟು ಇದನ್ನು ತಡೆದಿರುತ್ತದೆ.

ಹಾಗೆಂದು ಫೈರ್‌ವಾಲನ್ನೇ ಆಫ್ ಮಾಡುವುದು ಅಪಾಯ. ಸರ್ವರ್‌ನ ಪ್ಯಾಸಿವ್ ಪೋರ್ಟ್‌ಗಳನ್ನು 50000ರಿಂದ 50100ರವರೆಗೆ ಎಂದು ನಿಗದಿ ಮಾಡಿ, ಮನೆಯ ನೆಟ್‌ವರ್ಕ್‌ಗೆ ಮಾತ್ರ ಅಷ್ಟನ್ನು ತೆರೆದರೆ ಸಾಕು.

ಪಟ್ಟಿ ಬಂದಮೇಲೂ ಅಪ್‌ಲೋಡ್ ಮಾಡುವಾಗ 550 ಬಂದರೆ, ಆ ಫೋಲ್ಡರ್‌ಗೆ ಬರೆಯುವ ಅನುಮತಿ ಕೊಟ್ಟಿದೆಯೇ ಎಂದು ನೋಡಬೇಕು.