ಆರೈಕೆ ಕೇಂದ್ರದಲ್ಲಿರುವ ಅಮ್ಮನನ್ನು ನೋಡಲು ಹೋದಾಗ

ವಯಸ್ಸಾಗಿ ಕಾಯಿಲೆ ಬಿದ್ದ ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿದ ಮೇಲೆ ಮಕ್ಕಳ ಪಾಲಿಗೆ ಉಳಿಯುವ ದೊಡ್ಡ ಕೆಲಸ ಹೋಗಿ ನೋಡಿಕೊಂಡು ಬರುವುದು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ರಾತ್ರಿ ಎಚ್ಚರವಿರುವುದು ಎಲ್ಲವೂ ಬೇರೆಯವರ ಕೈಗೆ ಹೋಗಿರುತ್ತದೆ. ಭೇಟಿಯನ್ನು ಹೆಚ್ಚಿನವರು ಕರ್ತವ್ಯದ ಖಾತೆಗೆ ಬರೆದುಕೊಳ್ಳುತ್ತಾರೆ: ಈ ತಿಂಗಳು ಹೋಗಿ ಬಂದಾಯಿತು, ಇನ್ನು ಮುಂದಿನ ತಿಂಗಳು. ವೃದ್ಧರ ಆರೈಕೆಯಲ್ಲಿ ಪಳಗಿದವರು ಅದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತಾರೆ. ಯಾವ ಹೊತ್ತಿಗೆ ಹೋದರು, ಹೇಗೆ ಮಾತನಾಡಿದರು, ಏನನ್ನು ಗಮನಿಸಿದರು ಎಂಬುದು ತಾಯಿಯ ಆ ದಿನದ ಮೇಲೂ ಮುಂದಿನ ವಾರಗಳ ಮೇಲೂ ಪರಿಣಾಮ ಬೀರುತ್ತದೆ.

ಕರ್ನಾಟಕದಲ್ಲಿ ಇಂಥ ಮನೆಗಳು ಹೊಸವಲ್ಲ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಂಸ್ಥೆಯ ವೃದ್ಧಾಶ್ರಮ ಶುರುವಾದದ್ದು 1900ರಲ್ಲಿ. ಆಗ, ಮತ್ತು ಅದಾದ ಮೇಲೂ ಬಹಳ ಕಾಲ, ಆಶ್ರಮ ಸೇರುವವರೆಂದರೆ ಯಾರೂ ಇಲ್ಲದವರು. ಈಗ ಮಕ್ಕಳಿರುವ, ಪಿಂಚಣಿಯಿರುವ, ಸ್ವಂತ ಮನೆಯೂ ಇರುವ ತಾಯಂದಿರು ಇಂಥ ಕೇಂದ್ರಗಳಲ್ಲಿದ್ದಾರೆ. ಮರೆವಿನ ಕಾಯಿಲೆ, ಲಕ್ವ, ಪಾರ್ಕಿನ್ಸನ್, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದದ್ದು: ಇಬ್ಬರೂ ದುಡಿಯುವ ಚಿಕ್ಕ ಸಂಸಾರವೊಂದು ಇಪ್ಪತ್ತನಾಲ್ಕು ಗಂಟೆ ನಿಭಾಯಿಸಲಾಗದ ಸ್ಥಿತಿಗಳಿವು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ. ದೇಶದಲ್ಲಿ ಈ ವಯಸ್ಸಿನವರ ಪೈಕಿ ಶೇ. 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವಂತೆ ಮರೆವಿನ ಕಾಯಿಲೆಯವರಿಗೆಂದೇ ಮೀಸಲಾದ ಕೇಂದ್ರಗಳು ಬಂದಿರುವುದು ಈ ಕಾರಣಕ್ಕೆ. ಹೆತ್ತವಳನ್ನು ಆಶ್ರಮಕ್ಕೆ ಹಾಕಿದರು ಎಂಬ ನೆಂಟರ ಮಾತು ಮಾತ್ರ ಇನ್ನೂ ನಿಂತಿಲ್ಲ. ಆ ಮಾತು ಆಡುವವರಲ್ಲಿ ಒಂದು ರಾತ್ರಿಯಾದರೂ ಬಂದು ಕಾಯ್ದವರು ಕಡಿಮೆ.

ಮರೆವಿನ ತಾಯಿಯ ಮಕ್ಕಳನ್ನು ಹೆಚ್ಚು ಕಾಡುವ ಪ್ರಶ್ನೆ, ಹೋದದ್ದೇ ಆಕೆಗೆ ನೆನಪಿರುವುದಿಲ್ಲವಲ್ಲ, ಹೋಗಿ ಏನು ಪ್ರಯೋಜನ ಎಂಬುದು. ಇದಕ್ಕೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ನೇರವಾದ ಉತ್ತರ ಹುಡುಕಿದ್ದಾರೆ. ನೆನಪಿನ ಶಕ್ತಿ ಕಳೆದುಕೊಂಡವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿ, ಅನಂತರ ಎರಡನ್ನು ಅಳೆದರು: ಏನು ನೋಡಿದರೆಂಬ ನೆನಪು, ಮನಸ್ಸು ಹೇಗಿದೆ ಎಂಬ ಭಾವ. ಕೆಲವೇ ನಿಮಿಷಗಳಲ್ಲಿ ಚಿತ್ರ ಬಹುಪಾಲು ಮರೆತುಹೋಗಿತ್ತು, ಭಾವ ಉಳಿದಿತ್ತು. 2010ರಲ್ಲಿ ಮೆದುಳಿಗೆ ಹಾನಿಯಾದವರಲ್ಲಿ ಕಂಡ ಈ ಫಲಿತಾಂಶ 2014ರಲ್ಲಿ ಅಲ್‌ಝೈಮರ್ ರೋಗಿಗಳಲ್ಲೂ ಕಂಡುಬಂತು. ಚಿತ್ರವನ್ನು ಹೆಚ್ಚು ಮರೆತವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ಉಳಿದದ್ದು ಇದರಲ್ಲಿನ ವಿಚಿತ್ರ. ಮಗ ಬಂದುಹೋದದ್ದು ಅಮ್ಮನಿಗೆ ನೆನಪಿರದಿದ್ದರೂ ಆ ಮಧ್ಯಾಹ್ನ ಆಕೆ ಗೆಲುವಾಗಿ ಊಟ ಮಾಡುವುದಕ್ಕೆ ಕಾರಣ ಅವನೇ ಇರಬಹುದು. ಗದರಿ ಹೋಗಿದ್ದರೆ ಅದರ ಕಹಿಯೂ ಹಾಗೆಯೇ, ಕಾರಣ ತಿಳಿಯದೆ ಉಳಿಯುತ್ತದೆ.

ಹೋಗುವ ಹೊತ್ತು ಮುಖ್ಯ. ಡಿಮೆನ್ಷಿಯಾ ಇರುವ ಅನೇಕರಲ್ಲಿ ಸಂಜೆಯಾಗುತ್ತಿದ್ದಂತೆ ಕಳವಳ, ಗೊಂದಲ, ಸಿಟ್ಟು ಹೆಚ್ಚುತ್ತವೆ. ದಿನವಿಡೀ ಆದ ಆಯಾಸ, ಮಬ್ಬು ಬೆಳಕು, ದೇಹದ ಒಳಗಡಿಯಾರದ ಏರುಪೇರು ಎಲ್ಲವೂ ಇದರಲ್ಲಿ ಸೇರಿಕೊಂಡಿರುತ್ತವೆ. ಆಫೀಸು ಮುಗಿಸಿ, ಟ್ರಾಫಿಕ್ಕಿನಲ್ಲಿ ನುಗ್ಗಿಕೊಂಡು ಮಕ್ಕಳು ಬಂದು ತಲುಪುವುದು ಸರಿಯಾಗಿ ಆ ಹೊತ್ತಿಗೇ. ತಿಂಡಿ, ಸ್ನಾನ ಮುಗಿದ ಮೇಲಿನ ಬೆಳಗಿನ ಹೊತ್ತು ಹೆಚ್ಚಿನವರಿಗೆ ಒಳ್ಳೆಯದು. ಯಾರಿಗೆ ಯಾವ ಹೊತ್ತು ಹಿತವೆಂದು ಆಯಾಗಳನ್ನು ಕೇಳಿದರೆ ತಿಳಿಯುತ್ತದೆ. ತಿಂಗಳಿಗೊಮ್ಮೆ ಬಂದು ಇಡೀ ದಿನ ಕೂರುವುದಕ್ಕಿಂತ ಆಗಾಗ ಅರ್ಧ ಗಂಟೆ ಬರುವುದು ಕಾಯಿಲೆಯವರಿಗೆ ಹಗುರ. ಭಾನುವಾರ ಮೊಮ್ಮಕ್ಕಳ ಸಮೇತ ಏಳೆಂಟು ಜನ ಮಂಚದ ಸುತ್ತ ನಿಂತು ಏಕಕಾಲಕ್ಕೆ ಮಾತನಾಡಿದರೆ ಆಕೆ ಕಣ್ಣು ಮುಚ್ಚಿಕೊಳ್ಳುವುದು ನಿದ್ದೆಯಿಂದಲೇ ಎಂದು ತಿಳಿಯಬೇಕಿಲ್ಲ.

ಕೋಣೆಗೆ ಹೋದೊಡನೆ ಪರೀಕ್ಷೆ ನಡೆಸುವುದು ಬಹಳ ಮನೆಗಳಲ್ಲಿ ಕಾಣುವ ರೂಢಿ. “ನಾನ್ಯಾರು ಹೇಳು ನೋಡೋಣ?” ಉತ್ತರ ಬಾರದಿದ್ದರೆ ಇನ್ನೊಬ್ಬರನ್ನು ಮುಂದೆ ತಳ್ಳಿ, “ಇವರ್ಯಾರು ಗೊತ್ತಾಯ್ತಾ?” ಹೆಸರು ಹೊಳೆಯದ ತಾಯಿಗೆ ಇದು ಎಲ್ಲರೆದುರು ಆಗುವ ಅವಮಾನ. “ಅಮ್ಮಾ, ನಾನು ನಿನ್ನ ದೊಡ್ಡ ಮಗಳು, ಹಾಸನದಿಂದ ಬಂದೆ” ಎಂದು ತಾನೇ ಹೇಳಿಕೊಂಡುಬಿಟ್ಟರೆ ಆಕೆಗೆ ಹುಡುಕಾಡುವ ಕಷ್ಟವಿಲ್ಲ. ಎದುರಿನಿಂದ ಬರಬೇಕು, ಕುರ್ಚಿ ಎಳೆದುಕೊಂಡು ಆಕೆಯ ಕಣ್ಣಿನ ಮಟ್ಟಕ್ಕೆ ಕೂರಬೇಕು, ಟಿವಿ ಆರಿಸಬೇಕು, ಒಂದು ಸಲಕ್ಕೆ ಒಂದೇ ಮಾತು ಆಡಬೇಕು. ಅದಕ್ಕೂ ಮೊದಲು ಕನ್ನಡಕ ಒರೆಸಿದೆಯೇ, ಕಿವಿಯ ಮಷಿನ್ನಿನ ಬ್ಯಾಟರಿ ಇದೆಯೇ ಎಂದು ನೋಡಬೇಕು. ಬುದ್ಧಿ ಮಂಕಾಯಿತೆಂದು ಮನೆಯವರು ತೀರ್ಮಾನಿಸಿದ ಎಷ್ಟೋ ಸಲ ತೊಂದರೆ ಇರುವುದು ಆ ಬ್ಯಾಟರಿಯಲ್ಲಿ.

ಇನ್ನೊಂದು ಇಕ್ಕಟ್ಟು ಸತ್ಯದ್ದು. ಎಂಬತ್ತೈದರ ತಾಯಿ, “ನಮ್ಮಪ್ಪ ಇನ್ನೂ ಬರಲಿಲ್ವಲ್ಲ” ಎನ್ನುತ್ತಾಳೆ. ಅವರು ಹೋಗಿ ನಲವತ್ತು ವರ್ಷವಾಯಿತು ಎಂದು ತಿದ್ದಿದರೆ ಆಕೆಯ ಪಾಲಿಗೆ ಅವರು ಆಗ ತಾನೇ ತೀರಿಕೊಂಡಂತೆ. ಗಂಟೆ ಬಿಟ್ಟು ಮತ್ತೆ ಕೇಳಿದಾಗ ಮತ್ತೊಮ್ಮೆ ಅದೇ ಸಾವು. ಅಮೆರಿಕದ ನವೋಮಿ ಫೈಲ್ ಎಂಬ ಸಮಾಜಕಾರ್ಯಕರ್ತೆ ವೃದ್ಧರ ನಡುವೆ ದುಡಿದು ರೂಪಿಸಿದ ವಿಧಾನ, ವಾಸ್ತವವನ್ನು ಹೇರುವ ಬದಲು ಮಾತಿನ ಹಿಂದಿರುವ ಭಾವವನ್ನು ಹಿಡಿಯಲು ಹೇಳುತ್ತದೆ. “ಅಪ್ಪನ ನೆನಪು ಬಂತಾ? ಸಂತೆಯಿಂದ ನಿನಗೆ ಏನು ತರೋರು?” ಎಂದು ಕೇಳಿದರೆ ಸುಳ್ಳನ್ನೂ ಹೇಳಿದಂತಾಗಲಿಲ್ಲ, ಆಕೆಯ ಮಾತೂ ಮುಂದುವರಿಯಿತು. ಮನೆಗೆ ಕರೆದುಕೊಂಡು ಹೋಗು ಎಂಬ ಹಟಕ್ಕೂ ಇದು ಸಲ್ಲುತ್ತದೆ. ಆಕೆ ಕೇಳುತ್ತಿರುವ ಮನೆ ಮಗನ ಫ್ಲ್ಯಾಟ್ ಆಗಿರದೆ, ಎಂದೋ ಬಿದ್ದುಹೋದ ತವರಿನ ತೊಟ್ಟಿಮನೆಯೂ ಆಗಿರಬಹುದು.

ಮಾತು ತೀರಿದಾಗ ಕೈ ನೆರವಿಗೆ ಬರುತ್ತದೆ. ಘಟನೆಗಳ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಅಲ್‌ಝೈಮರ್‌ನಲ್ಲಿ ಬೇಗ ಹಾಳಾಗುತ್ತದೆ. ಕೈಗೆ ರೂಢಿಯಾದ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳನ್ನು ಆಧರಿಸಿರುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲದ ಅಜ್ಜಿಯ ಮುಂದೆ ಮಾರ್ಗಶಿರದಲ್ಲಿ ಒಂದು ಮೊರ ಅವರೆಕಾಯಿ ಇಟ್ಟರೆ ಬೆರಳುಗಳು ತಾವಾಗಿ ಸುಲಿಯತೊಡಗುತ್ತವೆ. ಹುಳುಕನ್ನು ಬೇರೆ ಮಾಡುವುದನ್ನೂ ಮರೆಯುವುದಿಲ್ಲ. ಬತ್ತಿ ಹೊಸೆಯುವುದು, ಬಾಳೆನಾರಿನಲ್ಲಿ ಹೂ ಕಟ್ಟುವುದು, ಸೀರೆ ಮಡಿಸುವುದು, ಅಕ್ಕಿ ಆರಿಸುವುದು ಇವೆಲ್ಲ ಹೀಗೆಯೇ. ಹಾಡು ಇದಕ್ಕಿಂತಲೂ ಗಟ್ಟಿ. ಪೂರ್ತಿ ವಾಕ್ಯ ಆಡಲಾಗದವರು ದೇವರನಾಮ, ಸೋಬಾನೆ ಪದಗಳನ್ನು ಚರಣ ತಪ್ಪದೆ ಹೇಳುವುದನ್ನು ಆಯಾಗಳು ದಿನವೂ ಕಾಣುತ್ತಾರೆ. ತಲೆಗೆ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕುವುದು, ಉಗುರು ಕತ್ತರಿಸುವುದು, ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುವುದು ಬಂದವರು ಮಾಡಬಹುದಾದ ಕೆಲಸಗಳು. ಸುಮ್ಮನೆ ಕುಳಿತು ಮೊಬೈಲ್ ನೋಡುವ ಗಂಡುಮಕ್ಕಳಿಗೂ ಇದನ್ನು ಒಪ್ಪಿಸಬಹುದು, ಕಲಿಯುತ್ತಾರೆ.

ಕರ್ನಾಟಕದಲ್ಲಿ ಆರೈಕೆಗೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಬೆಂಗಳೂರಿನ ಕೇಂದ್ರಗಳಲ್ಲಿ ದುಡಿಯುವ ಆಯಾಗಳು, ನರ್ಸ್‌ಗಳು ಹಲವರು ಕೇರಳ, ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದವರು. ಡಿಮೆನ್ಷಿಯಾ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಸಾಮಾನ್ಯವಾಗಿ ಮೊದಲು ಸಡಿಲವಾಗಿ, ಬಾಲ್ಯದ ಮಾತು ಉಳಿಯುತ್ತದೆ. ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸಿ ನಿವೃತ್ತಳಾದ ತಾಯಿ ಕೊನೆಗೆ ತುಳುವಿಗೋ ಕೊಂಕಣಿಗೋ ಕೊಡವ ತಕ್ಕಿಗೋ ಮರಳುತ್ತಾಳೆ. ಧಾರವಾಡದಾಕೆ ನೋವನ್ನು “ಬ್ಯಾನಿ” ಎಂದರೆ ಬೆಂಗಳೂರಿನ ಕನ್ನಡ ಬಲ್ಲ ನರ್ಸಿಗೂ ತಿಳಿಯದೆ ಹೋಗಬಹುದು. (ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆಂದು ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ತೋರಿಸಿತ್ತು. ತಡವಾಗುತ್ತದೆ, ತಪ್ಪುವುದಿಲ್ಲ.) ನೀರು, ನೋವು, ಹಸಿವು, ಚಳಿ, ಉಚ್ಚೆ ಇಂಥ ಇಪ್ಪತ್ತು ಮಾತುಗಳಿಗೆ ಆಕೆ ಬಳಸುವ ಪದ ಯಾವುದೆಂದು ಆಯಾ ಓದಬಲ್ಲ ಲಿಪಿಯಲ್ಲಿ ಬರೆದು ಮಂಚದ ಪಕ್ಕ ಅಂಟಿಸಿದರೆ ದುಬಾರಿ ಔಷಧಿಯಷ್ಟೇ ಉಪಯೋಗ. ಇದನ್ನು ಮಾಡಬಲ್ಲವರು ಮನೆಯವರು ಮಾತ್ರ.

ತಿಂಡಿಯ ಡಬ್ಬಿಯಿಲ್ಲದೆ ಅಮ್ಮನನ್ನು ನೋಡಲು ಹೋಗುವವರಿಲ್ಲ. ಆದರೆ ಲಕ್ವ, ಪಾರ್ಕಿನ್ಸನ್, ಮುಂದುವರಿದ ಡಿಮೆನ್ಷಿಯಾ ಇರುವವರಿಗೆ ನುಂಗುವುದೇ ಕಷ್ಟ. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಚಕ್ಕುಲಿ, ಕೋಡುಬಳೆ, ಒಣ ಅವಲಕ್ಕಿ ಇಂಥವರಿಗೆ ಅಪಾಯ, ಹಲವರಲ್ಲಿ ತೆಳು ನೀರೂ ಕೂಡ. ಏನು ಕೊಡಬಹುದೆಂದು ಸಿಸ್ಟರನ್ನು ಕೇಳಿ, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಹಿಂದಿನ ತುತ್ತು ಇಳಿದ ಮೇಲೆಯೇ ಮುಂದಿನದು ಕೊಡಬೇಕು. ಆಮೇಲೂ ಸ್ವಲ್ಪ ಹೊತ್ತು ಮಲಗಿಸಬಾರದು.

ಕಣ್ಣಿಟ್ಟು ನೋಡುವುದು ಭೇಟಿಯ ಇನ್ನರ್ಧ. ಮಲಗಿದಲ್ಲೇ ಇರುವವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸುವುದು ರೂಢಿ. ಅದು ತಪ್ಪಿದರೆ ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಕೆಂಪಾಗಿ ಅಥವಾ ಕಪ್ಪಾಗಿ ಕಂಡ, ಒತ್ತಿದರೆ ಬಣ್ಣ ಬದಲಾಗದ ಚರ್ಮ ಅದರ ಮೊದಲ ಗುರುತು. ಕೈಬಳೆ ಮೊಳಕೈವರೆಗೆ ಜಾರುತ್ತಿದ್ದರೆ ತೂಕ ಇಳಿದಿದೆ. ಬಾಯಿ ಒಣಗಿದ್ದರೆ ನೀರು ಸಾಲುತ್ತಿಲ್ಲ. ತೋಳಿನ ಮೇಲಿನ ಬೆರಳಚ್ಚಿನಂಥ ಕಂದುಗಟ್ಟಿದ ಗುರುತುಗಳ ಬಗ್ಗೆ ಕೇಳಲು ಸಂಕೋಚ ಬೇಡ. ಮೊನ್ನೆಯವರೆಗೆ ಸರಿಯಾಗಿ ಮಾತನಾಡುತ್ತಿದ್ದವಳು ಇದ್ದಕ್ಕಿದ್ದಂತೆ ಇಲ್ಲದ್ದನ್ನು ಕಾಣುತ್ತಿದ್ದರೆ, ಸದಾ ತೂಕಡಿಸುತ್ತಿದ್ದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಮೂತ್ರದ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ, ಮಲಬದ್ಧತೆಗಳಿಂದ ಹೀಗಾಗುತ್ತದೆ. ಕಾರಣಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆಕೆ ಎಂದೂ ಹೀಗಿರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲವರು ಮಕ್ಕಳೇ. ಅದಕ್ಕಾಗಿ ಒಂದೇ ದಿನ, ಒಂದೇ ಗಂಟೆಗೆ ಹೋಗುವ ಅಭ್ಯಾಸವನ್ನು ಆಗೀಗ ಮುರಿಯಬೇಕು. ದೂರನ್ನು ಮೇಲ್ವಿಚಾರಕರಿಗೆ ಹೇಳಬೇಕೇ ಹೊರತು ಅಮ್ಮನ ಎದುರೇ ಆಯಾಳ ಮೇಲೆ ರೇಗಬಾರದು. ಉಳಿದ ಇಪ್ಪತ್ತಮೂರು ಗಂಟೆ ಆಕೆ ಇರುವುದು ಆ ಆಯಾಳ ಕೈಯಲ್ಲಿ.

ಹೊರಡುವಾಗ ದೀರ್ಘ ವಿದಾಯ ಬೇಡವೆನ್ನುತ್ತಾರೆ ಅನುಭವಿಗಳು. ಊಟದ ತಟ್ಟೆ ಬರುವ ಹೊತ್ತಿಗೆ, ಗಮನ ಆ ಕಡೆ ಹೊರಳಿದಾಗ, ಎರಡೇ ಮಾತಿನಲ್ಲಿ ಹೇಳಿ ಎದ್ದರೆ ಸಾಕು.

ಹೋಗಲಾಗದವರದು ಬೇರೆ ಕಷ್ಟ. 2020ರ ಕೋವಿಡ್ ಕಾಲದಲ್ಲಿ ಜಗತ್ತಿನ ಎಷ್ಟೋ ಕಡೆ ಈ ಕೇಂದ್ರಗಳ ಬಾಗಿಲು ಮುಚ್ಚಿತು. ನೆದರ್‌ಲ್ಯಾಂಡ್ಸ್ ಮಾರ್ಚ್ 20ರಿಂದ ದೇಶದುದ್ದಕ್ಕೂ ಭೇಟಿ ನಿಷೇಧಿಸಿ, ಮೇ ತಿಂಗಳಲ್ಲಿ ಪ್ರಯೋಗಕ್ಕೆಂದು 26 ಕೇಂದ್ರಗಳಲ್ಲಿ ಮತ್ತೆ ಬಿಟ್ಟಿತು. ವಿಡಿಯೊ ಕರೆ ಆಗ ವ್ಯಾಪಕವಾಗಿ ಬಳಕೆಗೆ ಬಂದು, ಕ್ಯಾಲಿಫೋರ್ನಿಯಾ, ದುಬೈಗಳಲ್ಲಿರುವ ಕನ್ನಡಿಗ ಮಕ್ಕಳಿಗೆ ಈಗಲೂ ಆಸರೆ. ಪರದೆಯ ಮುಖವನ್ನು ಗುರುತಿಸಲಾಗದವರಿಗೆ ಬರೀ ಧ್ವನಿ ಕೇಳಿಸುವುದೇ ವಾಸಿ. ಪಿಂಚಣಿದಾರ ತಾಯಿಯಾದರೆ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರದ ಚಿಂತೆ ಬೇರೆ. ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಪಡೆಯಬಹುದು, ಅಂಚೆಯಣ್ಣನ ಮೂಲಕವೂ ಮಾಡಿಸಬಹುದು.

ಭೇಟಿಯನ್ನು ಕಾನೂನಿನ ಕಟ್ಟಿಗೆ ತಂದ ದೇಶವೂ ಇದೆ. ಚೀನಾ 2013ರಲ್ಲಿ ಜಾರಿಗೆ ತಂದ ಕಾನೂನು, ದೂರವಿರುವ ಮಕ್ಕಳು ಹೆತ್ತವರನ್ನು ಆಗಾಗ ಹೋಗಿ ನೋಡಬೇಕೆಂದು ವಿಧಿಸಿದೆ. ವೂಶಿ ನಗರದ ನ್ಯಾಯಾಲಯವೊಂದು ಅದೇ ವರ್ಷ ಎರಡು ತಿಂಗಳಿಗೊಮ್ಮೆಯಾದರೂ ತಾಯಿಯನ್ನು ನೋಡುವಂತೆ ಮಗಳೊಬ್ಬಳಿಗೆ ಆದೇಶಿಸಿತು. ಭಾರತದ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಭೇಟಿಯ ಲೆಕ್ಕ ಇಟ್ಟಿಲ್ಲ. ಜೀವನಾಂಶ ಕೇಳುವ ಹಕ್ಕು, ಅದಕ್ಕೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ, ತೊರೆದು ಹೋದವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ: ಇಷ್ಟು ಅದರಲ್ಲಿದೆ. ಸಹಾಯಕ್ಕೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಬೆಂಗಳೂರಿನಲ್ಲಿ 1090 ಕೂಡ ಇವೆ.

ತಾಯಿಗೆ ಇನ್ನೂ ತಿಳಿವಿರುವಾಗಲೇ ಒಂದು ಭೇಟಿಯಲ್ಲಿ ಎತ್ತಬೇಕಾದ ವಿಷಯ ಕೊನೆಯ ದಿನಗಳದ್ದು: ಮೂಗಿಗೆ ನಳಿಕೆ ಬೇಕೆ, ಐಸಿಯು ಬೇಕೆ, ವೆಂಟಿಲೇಟರ್ ಬೇಕೆ. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಮುಂಗಡ ಲಿಖಿತ ಇಚ್ಛೆಗೆ ಮಾನ್ಯತೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನಗೆ ಹೇಳಲಾಗದ ಸ್ಥಿತಿಯಲ್ಲಿ ಯಾರು ತನ್ನ ಪರವಾಗಿ ಮಾತನಾಡಬೇಕೆಂಬ ಹೆಸರನ್ನೂ ಆಕೆ ಅದರಲ್ಲಿ ಬರೆಸಬಹುದು. ಅದರ ಒಂದು ಪ್ರತಿ ಕೇಂದ್ರದ ಕಡತದಲ್ಲಿ, ಇನ್ನೊಂದು ನೋಡುವ ವೈದ್ಯರ ಬಳಿ ಇದ್ದರೆ, ನಡುರಾತ್ರಿ ಆಂಬ್ಯುಲೆನ್ಸ್ ಕರೆಯಬೇಕೋ ಬೇಡವೋ ಎಂದು ಮೂರು ಊರುಗಳಲ್ಲಿರುವ ಮಕ್ಕಳು ಫೋನಿನಲ್ಲಿ ಜಗಳವಾಡುವುದು ತಪ್ಪುತ್ತದೆ.