ರಕ್ಷಣಾ ವೆಚ್ಚವೂ ರಾಷ್ಟ್ರದ ಪ್ರಗತಿಯೂ

ಫಿರಂಗಿಗೆ ಬಳಸಿದ ಉಕ್ಕಿನಿಂದ ಅಣೆಕಟ್ಟಿನ ಬಾಗಿಲನ್ನು ಮಾಡಲಾಗದು. ಅಣೆಕಟ್ಟಿನ ನೀರು ವರ್ಷವರ್ಷವೂ ಬೆಳೆ ಕೊಡುತ್ತದೆ; ಫಿರಂಗಿ ಕಾವಲು ಕಾಯುತ್ತದೆಯೇ ಹೊರತು ಹೊಸ ಸಂಪತ್ತನ್ನು ಹುಟ್ಟಿಸದು. ಆದರೆ ಕಾವಲು ಬೇಡವೆನ್ನುವವರಾರು?

ನಮ್ಮ ದೇಶದ ಅನುಭವವನ್ನೇ ನೋಡೋಣ. ಸ್ವಾತಂತ್ರ್ಯಾನಂತರ ಭಾರತವು ಪಂಚವಾರ್ಷಿಕ ಯೋಜನೆಗಳಿಗೆ ಆದ್ಯತೆಯಿತ್ತು, ಸೈನ್ಯಕ್ಕೆ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇಕಡ 2ರಷ್ಟನ್ನು ಮಾತ್ರ ವೆಚ್ಚ ಮಾಡುತ್ತಿತ್ತು. 1962ರಲ್ಲಿ ಚೀನದೊಡನೆ ಯುದ್ಧವಾಯಿತು. ಹಿಮಾಲಯದ ಚಳಿಯಲ್ಲಿ ನಮ್ಮ ಯೋಧರಿಗೆ ಬೆಚ್ಚನೆಯ ಉಡುಪೂ ಸಾಲದಾಗಿತ್ತು. ಆ ಪೆಟ್ಟಿನ ಬಳಿಕ ರಕ್ಷಣಾ ವೆಚ್ಚವು ಹೆಚ್ಚುಕಡಿಮೆ ಇಮ್ಮಡಿಯಾಯಿತು, ಆಗಬೇಕಾದುದೇ. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. ಆ ವರ್ಷವೂ ಮರುವರ್ಷವೂ ಭೀಕರ ಬರಗಾಲ. ಅಮೆರಿಕವು ತನ್ನ ನೆರವನ್ನು ತಡೆಹಿಡಿಯಿತು. 1966ರಲ್ಲಿ ರೂಪಾಯಿಯ ಮೌಲ್ಯವನ್ನು ಇಳಿಸಬೇಕಾಯಿತು. ಅದೇ ವರ್ಷ ಆರಂಭವಾಗಬೇಕಿದ್ದ ನಾಲ್ಕನೆಯ ಯೋಜನೆಯು 1969ಕ್ಕೆ ಮುಂದೆ ಹೋಯಿತು. ಯೋಜನೆಯೊಂದು ಮೂರು ವರ್ಷ ತಡವಾಯಿತೆಂದರೆ ಎಷ್ಟೋ ಕಾಲುವೆ, ರಸ್ತೆ, ಶಾಲೆಗಳು ಕಾದು ಕುಳಿತವೆಂದೇ ಅರ್ಥ. ಇದೆಲ್ಲವನ್ನೂ ಸೈನ್ಯದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ; ಬಾರದ ಮಳೆಯ ಪಾಲೂ ದೊಡ್ಡದು.

ಇನ್ನೊಂದು ಮಾತುಂಟು. ಸೈನ್ಯಕ್ಕಾಗಿ ಕಟ್ಟಿದ ಕಾರ್ಖಾನೆಯು ಕೆಲವೊಮ್ಮೆ ಜನಜೀವನಕ್ಕೂ ಒದಗುತ್ತದೆ. ಸೈನ್ಯಕ್ಕೆ ಬೇಕಾದ ವಿದ್ಯುನ್ಮಾನ ಉಪಕರಣಗಳಿಗಾಗಿ 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಟ್ರಾನ್ಸಿಸ್ಟರುಗಳನ್ನೂ, ಮುಂದೆ ಮತಯಂತ್ರಗಳನ್ನೂ ತಯಾರಿಸಿತು. ಅಲ್ಲಿ ವೆಚ್ಚವಾದ ಹಣವು ನಮ್ಮವರಿಗೆ ಕೂಲಿಯಾಗಿ, ಕೌಶಲವಾಗಿ ಉಳಿಯಿತು. ಹೊರದೇಶದಿಂದ ಕೊಂಡ ಯುದ್ಧವಿಮಾನಕ್ಕೆ ತೆತ್ತ ಹಣದಿಂದ ಬಹುಪಾಲು ದುಡಿಮೆ ದೊರೆಯುವುದು ಆ ದೇಶದ ಕಾರ್ಮಿಕರಿಗೆ.